ಸಾವಿರಾರು ಜನರಿರುವ ಕಡೆ ಆನ್‌ಲೈನ್ ತರಬೇತಿ: ಎಲ್ಲಿಂದ ಶುರು ಮಾಡಬೇಕು, ಹೇಗೆ ನಡೆಸಬೇಕು

ಬೆಳಗ್ಗೆ ಐದೂವರೆಗೆ ಕೋಲಾರದ ಸುತ್ತಮುತ್ತ ಯಾವುದಾದರೂ ಮುಖ್ಯರಸ್ತೆಯಲ್ಲಿ ನಿಂತು ನೋಡಿ. ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ, ಕೆಜಿಎಫ್ ಕಡೆಯಿಂದ ಕಂಪನಿ ಬಸ್ಸುಗಳು ಒಂದರ ಹಿಂದೆ ಒಂದು ಬರುತ್ತಿರುತ್ತವೆ. ಕಾರ್ಖಾನೆಗಳಿರುವ ನರಸಾಪುರಕ್ಕೆ ಕೆಲವು, ವೇಮಗಲ್‌ಗೆ ಕೆಲವು, ಮಾಲೂರಿಗೆ ಕೆಲವು. ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡುತ್ತಿರುವ ಹುಡುಗ ಹುಡುಗಿಯರು. ಪಿಯುಸಿ ಮುಗಿಸಿದವರು, ಐಟಿಐ ಮಾಡಿದವರು, ಡಿಪ್ಲೊಮಾದವರು. ಇಷ್ಟು ಜನರಿಗೆ ಕೆಲಸ ಕಲಿಸುವುದು ಹೇಗೆ ಅನ್ನುವುದೇ ಈ ಲೇಖನದ ವಿಷಯ.

ಇಂಥದ್ದೇ ಒಂದು ಕಾರ್ಖಾನೆಯ ತರಬೇತಿ ವಿಭಾಗದಲ್ಲಿ ನಾನು ಕೆಲಸ ಮಾಡಿದ್ದೇನೆ. ಸುಮಾರು 3,000 ಜನ, ಮೂರು ಶಿಫ್ಟ್. ಆನ್‌ಲೈನ್ ತರಬೇತಿ ತಂದ ಮೊದಲ ಸಲ ನಾವು ಕೆಟ್ಟದಾಗಿ ಎಡವಿದೆವು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕಂದ್ರೆ ಮುಂದೆ ಬರೆಯುವುದೆಲ್ಲ ಆ ಪೆಟ್ಟಿನಿಂದ ಕಲಿತದ್ದು.

ದೊಡ್ಡ ಆಫೀಸಿನಿಂದ ಒಂದು ಸಾಫ್ಟ್‌ವೇರ್ ಬಂತು. ಒಳಗೆ ನೂರಾರು ಕೋರ್ಸು. ಎಲ್ಲರೂ ತಿಂಗಳೊಳಗೆ ಹತ್ತು ಪಾಠ ಮುಗಿಸಬೇಕು ಅಂತ ಆದೇಶವಾಯಿತು. ತಿಂಗಳ ಕೊನೆಗೆ ರಿಪೋರ್ಟ್ ತೆಗೆದರೆ ಹೆಚ್ಚುಕಡಿಮೆ ಎಲ್ಲರದ್ದೂ ಮುಗಿದಿತ್ತು. ಖುಷಿಯಾಯಿತು. ಆಮೇಲೆ ಸುಮ್ನೆ ಹೆಸರುಗಳ ಮೇಲೆ ಕಣ್ಣಾಡಿಸುವಾಗ ಒಂದು ಹೆಸರು ತಡೆಯಿತು. ಆ ಹುಡುಗ ತಂಗಿ ಮದುವೆಗೆ ಅಂತ ಹತ್ತು ದಿನ ರಜೆ ಹಾಕಿದ್ದ. ರಜೆಯ ನಾಲ್ಕನೇ ದಿನ ಅವನು ಮೂರು ಪಾಠ ಮುಗಿಸಿದ್ದ, ಅದೂ ನಮ್ಮ ಕಾರ್ಖಾನೆಯ ಕಂಪ್ಯೂಟರಿನಿಂದ! ಹುಡುಕಿದಾಗ ಗೊತ್ತಾಯಿತು. ಒಂದು ಮೂಲೆಯ ಕಂಪ್ಯೂಟರ್ ಮುಂದೆ ಡೇಟಾ ಎಂಟ್ರಿ ಹುಡುಗನೊಬ್ಬನನ್ನು ಕೂರಿಸಿದ್ದರು. ಅವನು ಪಟ್ಟಿ ಇಟ್ಟುಕೊಂಡು ಒಬ್ಬೊಬ್ಬರ ಹೆಸರಲ್ಲಿ ಲಾಗಿನ್ ಆಗಿ ‘ಮುಂದೆ, ಮುಂದೆ’ ಅಂತ ಒತ್ತುತ್ತಾ ಹೋಗಿದ್ದ.

ಕರೆದು ಕೇಳಿದೆ. “ಲೈನ್ ನಿಲ್ಸೋಕಾಗಲ್ಲ ಸಾರ್, ರಿಪೋರ್ಟ್ ಹಸಿರಾಗ್ಬೇಕು ಅಂದ್ರು. ನಾನೇನ್ ಮಾಡ್ಲಿ?” ಅಂದ. ಅವನ ತಪ್ಪಿರಲಿಲ್ಲ. ಸೂಪರ್‌ವೈಸರ್ ತಪ್ಪೂ ಅಲ್ಲ. ಪಾಠ ಕೊಟ್ಟಿದ್ದೆವು, ಅದನ್ನು ನೋಡಲು ಹೊತ್ತು ಕೊಟ್ಟಿರಲಿಲ್ಲ.

ಹಾಗಾಗಿ ನನ್ನ ಮಾತು ಇಷ್ಟೇ: ಮೊದಲು ಹೊತ್ತು ಹುಡುಕಿ, ಸಾಫ್ಟ್‌ವೇರ್ ಆಮೇಲೆ ಹುಡುಕಿ.

ಮೊದಲ ಹೆಜ್ಜೆ: ಒಂದೇ ಒಂದು ತೊಂದರೆ ಆರಿಸಿಕೊಳ್ಳಿ

ನೂರು ಕೋರ್ಸು ಬೇಡ. ಒಂದು ಸಾಕು. ಅದನ್ನು ಆರಿಸಲು ಮೂರು ಕಡೆ ನೋಡಿ. ಕಾರ್ಖಾನೆಯ ಡಾಕ್ಟರ್ ರೂಮಿನಲ್ಲಿರುವ ಪ್ರಥಮ ಚಿಕಿತ್ಸೆ ಪುಸ್ತಕ. ಕ್ವಾಲಿಟಿಯವರ ರಿಜೆಕ್ಷನ್ ಪಟ್ಟಿ. ಮತ್ತೆ, ಸೇರಿದ ಮೊದಲ ತಿಂಗಳಲ್ಲೇ ಕೆಲಸ ಬಿಟ್ಟವರ ಲೆಕ್ಕ. ಈ ಮೂರನ್ನು ಪಕ್ಕಪಕ್ಕ ಇಟ್ಟು ಒಂದು ಮಧ್ಯಾಹ್ನ ಕೂತರೆ ಸಾಕು, ಎಲ್ಲಿ ಸೋರುತ್ತಿದೆ ಅಂತ ಕಾಣುತ್ತೆ.

ನಮ್ಮಲ್ಲಿ ಕಂಡದ್ದು ಸ್ಕ್ರೂ. ಹೊಸಬರು ಸ್ಕ್ರೂವನ್ನು ವಾರೆಯಾಗಿ ಹಾಕಿ ಅದರ ಥ್ರೆಡ್, ಅಂದರೆ ಸುರುಳಿ ಗೆರೆ, ಕೆಡಿಸುತ್ತಿದ್ದರು. ಲೈನಿನಲ್ಲಿ ಇದನ್ನು ಕ್ರಾಸ್ ಥ್ರೆಡ್ ಅನ್ನುತ್ತಾರೆ. ಕೇಳೋಕೆ ಸಣ್ಣ ವಿಷಯ. ಆದರೆ ಅದರಿಂದ ಇಡೀ ಪೀಸು ರಿವರ್ಕಿಗೆ (ಮತ್ತೆ ಸರಿಮಾಡಲು) ಹೋಗುತ್ತಿತ್ತು, ಹೊಸಬರು ಬೈಸಿಕೊಳ್ಳುತ್ತಿದ್ದರು, ಕೆಲವರು ಬೇಜಾರಾಗಿ ಬಿಟ್ಟೇ ಹೋಗುತ್ತಿದ್ದರು. ಮೊದಲ ಪಾಠ ಅದೇ ಆಗಲಿ ಅಂದುಕೊಂಡೆವು.

ನಿಮ್ಮಲ್ಲಿ ಅದು ಬೇರೆ ಇರಬಹುದು. ಗಾರ್ಮೆಂಟ್ಸ್ ಆದರೆ ಬೆರಳಿಗೆ ಸೂಜಿ ಚುಚ್ಚಿಕೊಳ್ಳುವುದು, ಗೋದಾಮಾದರೆ ಫೋರ್ಕ್‌ಲಿಫ್ಟ್ ತಿರುಗುವ ಜಾಗ, ಆಸ್ಪತ್ರೆಯಾದರೆ ಕೈ ತೊಳೆಯುವುದು. ಯಾವುದೇ ಆಗಲಿ, ಜನ ತಾವೇ “ಹೌದು, ಇದು ನಮಗೂ ತಲೆನೋವೇ” ಅನ್ನಬೇಕು. ಆಗ ಮೊದಲ ಪಾಠವನ್ನು ಅವರೇ ಕೇಳಿ ನೋಡುತ್ತಾರೆ.

ಆನ್‌ಲೈನಿಗೆ ಯಾವುದು ಹೊಂದುತ್ತೆ, ಯಾವುದು ಹೊಂದಲ್ಲ

ಬೆಂಕಿ ಆರಿಸುವ ಸಿಲಿಂಡರ್ ಬಳಕೆಯನ್ನು ವಿಡಿಯೋದಲ್ಲಿ ತೋರಿಸಬಹುದು. ಪಿನ್ ಎಳೆಯಿರಿ, ಬೆಂಕಿಯ ಬುಡಕ್ಕೆ ಗುರಿ ಹಿಡಿಯಿರಿ, ಹಿಡಿ ಒತ್ತಿ, ಅಕ್ಕಪಕ್ಕ ಬೀಸಿ. ನಾಲ್ಕೇ ಮಾತು. ಆದರೆ ಸಿಲಿಂಡರಿನ ಭಾರ, ಒತ್ತಿದಾಗ ಬರುವ ಸದ್ದು, ಮುಖಕ್ಕೆ ಹೊಡೆಯುವ ಬಿಸಿ, ಇವೆಲ್ಲ ಬಯಲಲ್ಲಿ ಒಂದು ಸಲ ಆರಿಸಿ ನೋಡಿದವರಿಗೇ ಗೊತ್ತು. ವಿಡಿಯೋ ನೋಡಿದವರನ್ನು “ತರಬೇತಿ ಆಗಿದೆ” ಅಂತ ಬರೆದುಕೊಂಡು ಸುಮ್ಮನಾದರೆ ಅದು ಜೀವದ ಜೊತೆ ಆಟ. ಮಶೀನ್ ರಿಪೇರಿ ಮಾಡುವಾಗ ಕರೆಂಟ್ ತೆಗೆದು ಬೀಗ ಹಾಕಿ, ಬೀಗದ ಕೈ ತನ್ನ ಜೇಬಿನಲ್ಲೇ ಇಟ್ಟುಕೊಳ್ಳುವ ಪದ್ಧತಿ ಇದೆಯಲ್ಲ, ಅದೂ ಹಾಗೇ. ಹೃದಯ ನಿಂತವರ ಎದೆ ಒತ್ತುವುದೂ ಹಾಗೇ. ಇವುಗಳ ಕಾರಣವನ್ನು, ಕ್ರಮವನ್ನು ಆನ್‌ಲೈನಿನಲ್ಲಿ ಹೇಳಿ. ಕೈಗೆ ಕಲಿಸುವುದನ್ನು ಮಾತ್ರ ಜಾಗದಲ್ಲೇ ಕಲಿಸಿ.

ಚೆನ್ನಾಗಿ ಹೊಂದುವಂಥವೂ ಬಹಳ ಇವೆ. ಸೇರಿದ ಮೊದಲ ದಿನ ಹೇಳುವ ಮಾತುಗಳನ್ನೇ ತಗೊಳ್ಳಿ: ಬಸ್ ಸಮಯ, ಕ್ಯಾಂಟೀನ್, ರಜೆಯ ನಿಯಮ, ಪಂಚಿಂಗ್, ಯಾವ ಸೈರನ್ ಆದರೆ ಎಲ್ಲಿ ಸೇರಬೇಕು. ಇವನ್ನು ಒಂದೇ ದಿನ ಎಂಟು ಗಂಟೆ ಕೂರಿಸಿ ಹೇಳಿದರೆ ಮರುದಿನ ಯಾರಿಗೂ ನೆನಪಿರಲ್ಲ. ಕಲಿತದ್ದು ಎಷ್ಟು ಬೇಗ ಮರೆತುಹೋಗುತ್ತೆ ಅಂತ ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲೇ ಬರೆದಿದ್ದ. ಮೊದಲ ಕೆಲವು ಗಂಟೆಗಳಲ್ಲೇ ಜಾಸ್ತಿ ಮರೆಯುತ್ತೇವೆ, ಬಿಟ್ಟು ಬಿಟ್ಟು ಮತ್ತೆ ನೆನಪಿಸಿದರೆ ಉಳಿಯುತ್ತೆ. ಆನ್‌ಲೈನಿನ ದೊಡ್ಡ ಲಾಭ ಇದೇ. ಇವತ್ತು ಐದು ನಿಮಿಷ, ಮೂರು ದಿನ ಬಿಟ್ಟು ಎರಡು ಪ್ರಶ್ನೆ, ತಿಂಗಳಾದ ಮೇಲೆ ಮತ್ತೆ ಎರಡು ಪ್ರಶ್ನೆ.

ನಮ್ಮಲ್ಲಿ ಜನ ತಾವಾಗಿ ಮತ್ತೆ ಮತ್ತೆ ನೋಡಿದ ಪಾಠ ಯಾವುದು ಗೊತ್ತಾ? ಸಂಬಳದ ಚೀಟಿ ಓದುವುದು. ಪಿಎಫ್ ಅಂತ ಶೇ. 12 ಯಾಕೆ ಹಿಡಿಯುತ್ತಾರೆ, ಕಂಪನಿಯೂ ಅಷ್ಟೇ ಹಾಕಬೇಕು ಅನ್ನೋದು, ಇಎಸ್‌ಐಗೆ (ಕೆಲಸಗಾರರ ವಿಮೆ) ನಮ್ಮಿಂದ ಶೇ. 0.75 ಹೋದರೆ ಕಂಪನಿಯಿಂದ ಶೇ. 3.25 ಹೋಗುತ್ತೆ ಅನ್ನೋದು, ಪಿಎಫ್ ಖಾತೆಯ ಯುಎಎನ್ ನಂಬರ್ ಯಾಕೆ ಜೋಪಾನ ಮಾಡಬೇಕು ಅನ್ನೋದು. ಕೆಲಸಗಾರರ ಸ್ವಂತ ಲಾಭದ ಇಂಥ ಪಾಠವನ್ನು ಮೊದಲ ತಿಂಗಳಲ್ಲೇ ಕೊಡಿ. ಈ ಸಾಫ್ಟ್‌ವೇರ್ ನಮ್ಮ ಮೇಲೆ ಕಣ್ಣಿಡೋಕೆ ಬಂದಿದ್ದಲ್ಲ ಅನ್ನುವ ನಂಬಿಕೆ ಅದರಿಂದ ಬರುತ್ತೆ.

ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ವಿಷಯ ಬೇರೆಯಾಗಿಯೇ ಹೇಳಬೇಕು. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಆಗಾಗ ಅರಿವು ಮೂಡಿಸುವ ಕಾರ್ಯಕ್ರಮ ನಡೆಸುವುದು ಮಾಲೀಕರ ಕರ್ತವ್ಯ ಅಂತಲೂ ಕಾಯ್ದೆ ಹೇಳುತ್ತೆ. ದೂರು ಕೊಡಲು ಮೂರು ತಿಂಗಳ ಅವಧಿ ಇದೆ ಅನ್ನುವುದನ್ನು ಆನ್‌ಲೈನ್ ಪಾಠದಲ್ಲಿ ಹೇಳಿ. ಆದರೆ ಅಲ್ಲಿಗೇ ಬಿಡಬೇಡಿ. ಸಮಿತಿಯ ಸದಸ್ಯರು ಪ್ರತಿ ಶಿಫ್ಟಿಗೂ ಬಂದು ಮುಖ ತೋರಿಸಲಿ. ಹೊಸದಾಗಿ ಸೇರಿದ ಹತ್ತೊಂಬತ್ತರ ಹುಡುಗಿ ತನ್ನ ಕಷ್ಟವನ್ನು ಮುಖ ಕಂಡವರ ಹತ್ತಿರ ಮಾತ್ರ ಹೇಳಿಕೊಳ್ಳುತ್ತಾಳೆ.

ಎರಡನೇ ಹೆಜ್ಜೆ: ನಿಮ್ಮಲ್ಲಿ ಯಾರ್ಯಾರಿದ್ದಾರೆ ಅಂತ ತಿಳಿದುಕೊಳ್ಳಿ

ಹಾಜರಿ ಪಟ್ಟಿಯಲ್ಲಿ ಇರೋದು ಹೆಸರು, ನಂಬರ್ ಅಷ್ಟೇ. ತರಬೇತಿಗೆ ಬೇರೆ ಮಾಹಿತಿ ಬೇಕು. ಓದಲು ಯಾವ ಭಾಷೆ ಸಲೀಸು? ಕೇಳಲು ಯಾವುದು? ಸ್ವಂತ ಫೋನ್ ಇದೆಯಾ, ಮನೆಯವರ ಜೊತೆ ಹಂಚಿಕೊಂಡದ್ದಾ? ಖಾಯಂ ನೌಕರರಾ, ಗುತ್ತಿಗೆಯವರಾ?

ಕೋಲಾರ, ಚಿಕ್ಕಬಳ್ಳಾಪುರ ಕಡೆ ಭಾಷೆಯ ವಿಷಯ ಸೂಕ್ಷ್ಮ. ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ ಕಡೆಯ ಎಷ್ಟೋ ಜನರ ಮನೆಮಾತು ತೆಲುಗು, ಓದಿದ್ದು ಕನ್ನಡ ಶಾಲೆಯಲ್ಲಿ. ಕೆಜಿಎಫ್ ಕಡೆಯವರಲ್ಲಿ ತಮಿಳು ಮಾತಾಡುವವರು ಬಹಳ. ಉರ್ದು ಮನೆಮಾತಿನವರೂ ಇದ್ದಾರೆ. ಇದರ ಜೊತೆಗೆ ಒಡಿಶಾ, ಜಾರ್ಖಂಡ್, ಬಿಹಾರದಿಂದ ಬಂದವರು. ಪಾಠ ಇಂಗ್ಲಿಷಿನಲ್ಲಿದ್ದರೆ ಇವರಲ್ಲಿ ಯಾರಿಗೂ ಪೂರ್ತಿ ದಕ್ಕಲ್ಲ. ನನ್ನ ಅನುಭವದಲ್ಲಿ, ಬರಹ ಕನ್ನಡದಲ್ಲಿ, ದನಿ ಕನ್ನಡ ಮತ್ತು ಹಿಂದಿ ಎರಡರಲ್ಲಿ, ಆದಷ್ಟೂ ವಿಷಯ ಚಿತ್ರದಲ್ಲಿ. ಹೀಗೆ ಮಾಡಿದರೆ ಬಹುಪಾಲು ಜನರನ್ನು ಮುಟ್ಟಬಹುದು. ಸುರಕ್ಷತೆಯ ಪಾಠವಾದರೆ ತೆಲುಗು, ತಮಿಳಿನಲ್ಲೂ ದನಿ ಸೇರಿಸಿ. ಖರ್ಚು ಜಾಸ್ತಿ ಆಗಲ್ಲ, ನಿಮ್ಮಲ್ಲೇ ಇರುವ ಯಾರನ್ನಾದರೂ ಕೇಳಿದರೆ ಖುಷಿಯಿಂದ ಮಾತಾಡಿ ಕೊಡುತ್ತಾರೆ.

ಗುತ್ತಿಗೆಯವರನ್ನು ಬಿಡಬೇಡಿ. “ಅವರು ಕಂಟ್ರಾಕ್ಟರ್ ಕಡೆಯವರು” ಅಂತ ಪಟ್ಟಿಯಿಂದ ಹೊರಗಿಡುವ ಅಭ್ಯಾಸ ಬಹಳ ಕಡೆ ಇದೆ. ಅದೇ ಮಶೀನಿನ ಮುಂದೆ ಅದೇ ಎಂಟು ಗಂಟೆ ಅವರೂ ನಿಲ್ಲುತ್ತಾರೆ, ಅಲ್ವಾ? ಮಶೀನಿಗೆ ಯಾರ ಗುರುತಿನ ಚೀಟಿ ಯಾವ ಬಣ್ಣ ಅಂತ ಗೊತ್ತಾಗಲ್ಲ.

ಇನ್ನೊಂದು ಚಿಕ್ಕ ವಿಷಯ, ಆದರೆ ಎರಡು ವಾರ ತಿಂದುಹಾಕುವಂಥದ್ದು. ಕನ್ನಡದಲ್ಲಿರುವ ಹಳೆಯ ಸೂಚನೆ, ನಿಯಮ, ಹೆಸರಿನ ಪಟ್ಟಿ ಇವೆಲ್ಲ ಎಷ್ಟೋ ಕಡೆ ‘ನುಡಿ’ ಅಥವಾ ‘ಬರಹ’ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿರುತ್ತವೆ. ಅದನ್ನು ಹಾಗೇ ತೆಗೆದು ತರಬೇತಿ ಸಾಫ್ಟ್‌ವೇರಿಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತೆ. ಮೊದಲು ಎಲ್ಲ ಕಡೆ ಓದಲು ಬರುವ ಯುನಿಕೋಡಿಗೆ ಬದಲಾಯಿಸಿಕೊಳ್ಳಿ. ಬದಲಾಯಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಸರಿ ಇದೆಯಾ ಅಂತ ಕಣ್ಣಲ್ಲಿ ಓದಿ ನೋಡಿ. ಕನ್ನಡ ಹೆಸರುಗಳಿರುವ ಎಕ್ಸೆಲ್ ಪಟ್ಟಿಯನ್ನು ಸಿಎಸ್‌ವಿ (ಬೇರೆ ಸಾಫ್ಟ್‌ವೇರುಗಳೂ ಓದುವ ಸರಳ ಪಟ್ಟಿ) ಮಾಡುವಾಗ ‘ಯುಟಿಎಫ್-8’ ಅಂತಿರುವುದನ್ನೇ ಆರಿಸಿ. ಇಲ್ಲದಿದ್ದರೆ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ತನ್ನ ಹೆಸರೇ ತಪ್ಪಾಗಿರುವ ಪರದೆಯನ್ನು ಯಾರು ತಾನೇ ತನ್ನದು ಅಂದುಕೊಳ್ಳುತ್ತಾರೆ?

ಮೂರನೇ ಹೆಜ್ಜೆ: ಹೊತ್ತಿನ ಲೆಕ್ಕ

ಇದು ಎಲ್ಲಕ್ಕಿಂತ ಮುಖ್ಯ. ಇಲ್ಲಿ ಗೆದ್ದರೆ ಉಳಿದದ್ದು ತಾನಾಗೇ ದಾರಿಗೆ ಬರುತ್ತೆ.

3,000 ಜನ, ಒಬ್ಬೊಬ್ಬರಿಗೆ ತಿಂಗಳಿಗೆ 20 ನಿಮಿಷ. ಒಟ್ಟು 60,000 ನಿಮಿಷ, ಅಂದರೆ 1,000 ಗಂಟೆ. ಎಂಟು ಗಂಟೆಯ ಶಿಫ್ಟಿನ ಲೆಕ್ಕದಲ್ಲಿ 125 ಆಳುದಿನ. ಈ ಅಂಕಿಯನ್ನು ಮೊದಲೇ ಪ್ರೊಡಕ್ಷನ್ ಮ್ಯಾನೇಜರ್ ಮುಂದೆ ಇಡಿ. ಮುಚ್ಚಿಡಬೇಡಿ. ಅದರ ಪಕ್ಕದಲ್ಲೇ ರಿವರ್ಕಿಗೆ ಹೋಗುವ ಗಂಟೆಗಳ ಲೆಕ್ಕ ಇಡಿ. ಎರಡನ್ನೂ ಪಕ್ಕಪಕ್ಕ ನೋಡಿದ ಮ್ಯಾನೇಜರ್ ಸಾಮಾನ್ಯವಾಗಿ “ಸರಿ, ಯಾವ ಹೊತ್ತಲ್ಲಿ ಕೊಡೋಣ?” ಅಂತಲೇ ಕೇಳುತ್ತಾರೆ. ನಮ್ಮಲ್ಲಿ ಹಾಗೇ ಆಯಿತು.

ಈ ಹೊತ್ತು ಕೆಲಸದ ಹೊತ್ತಿನೊಳಗೇ ಇರಬೇಕು. ಊಟದ ಅರ್ಧ ಗಂಟೆ ಅವರದ್ದು. ಬಸ್ಸಿನ ಒಂದೂವರೆ ಗಂಟೆ ನಿದ್ದೆಯದ್ದು. ಮನೆಗೆ ಹೋದ ಮೇಲೆ ನೋಡಲಿ ಅಂದರೆ, ಮನೆಗೆ ಹೋದ ಹೆಣ್ಣುಮಗಳಿಗೆ ಅಲ್ಲಿ ಎರಡನೇ ಶಿಫ್ಟ್ ಕಾದಿರುತ್ತೆ: ನೀರು, ಒಲೆ, ಮಕ್ಕಳ ಹೋಂವರ್ಕು. ಕಡ್ಡಾಯ ತರಬೇತಿಯನ್ನು ಶಿಫ್ಟಿನ ಹೊರಗೆ ಇಡಲೇಬೇಕಾದರೆ ಅದಕ್ಕೆ ಓಟಿ ಕೊಡಿ. ಓಟಿ ಅಂದರೆ ಎರಡರಷ್ಟು ಕೂಲಿ ಅಂತ 1948ರ ಕಾರ್ಖಾನೆ ಕಾಯ್ದೆಯಿಂದ ಬಂದ ನಿಯಮ. ಅದೇ ಕಾಯ್ದೆಗೆ 1987ರಲ್ಲಿ ಸೇರಿಸಿದ 111ಎ ಕಲಮು ಇನ್ನೊಂದು ಮಾತು ಹೇಳಿತ್ತು: ಕೆಲಸದ ಜಾಗದ ಆರೋಗ್ಯ, ಸುರಕ್ಷತೆಯ ಬಗ್ಗೆ ತರಬೇತಿ ಪಡೆಯುವುದು ಕೆಲಸಗಾರರ ಹಕ್ಕು. ತರಬೇತಿಯನ್ನು ನಾವು ಮಾಡುವ ಉಪಕಾರ ಅಂದುಕೊಂಡವರಿಗೆ ಇದನ್ನು ಓದಿ ಹೇಳಿ.

ಲೈನ್ ಓಡುತ್ತಿರುವಾಗ ಒಬ್ಬರು ಎದ್ದು ಬರಬೇಕಂದರೆ ಅವರ ಜಾಗಕ್ಕೆ ರಿಲೀವರ್ ನಿಲ್ಲಬೇಕು. ಈ ರಿಲೀವರ್ ಇಲ್ಲದ ಯೋಜನೆ ಕಾಗದದ ಮೇಲೇ ಉಳಿಯುತ್ತೆ. ನಾವು ಕಂಡುಕೊಂಡ ದಾರಿ ಹೀಗಿತ್ತು. ಪ್ರತಿ ಲೈನಿಗೆ ವಾರದಲ್ಲಿ ಒಂದು ದಿನ. ಆ ದಿನ ಒಬ್ಬ ರಿಲೀವರ್ ಸ್ಟೇಷನ್‌ನಿಂದ ಸ್ಟೇಷನ್‌ಗೆ ಸಾಗುತ್ತಾ ಹೋಗುತ್ತಾರೆ. ಅವರು ನಿಂತ ಜಾಗದವರು ಹತ್ತು ನಿಮಿಷ ಬಂದು ಪಾಠ ನೋಡಿ ವಾಪಸ್ ಹೋಗುತ್ತಾರೆ. ಮಶೀನ್ ಕೆಟ್ಟು ಲೈನ್ ನಿಂತಾಗ, ಮಾಲು ಬರೋದು ತಡವಾದಾಗ ಆ ಬಿಡುವನ್ನೂ ಬಳಸಿಕೊಳ್ಳಬಹುದು. ಅದಕ್ಕೆ ಲೈನ್ ಲೀಡರ್ ಹತ್ತಿರ ಐದೈದು ನಿಮಿಷದ ಪಾಠಗಳು ಸಿದ್ಧವಾಗಿರಬೇಕು.

ಸಿ ಶಿಫ್ಟಿನವರಿಗೆ ರಾತ್ರಿ ಎರಡು, ಮೂರು ಗಂಟೆಗೆ ಪಾಠ ಇಡಬೇಡಿ. ಆ ಹೊತ್ತಲ್ಲಿ ಕಣ್ಣು ತೆರೆದಿದ್ದರೂ ತಲೆಗೆ ಹೋಗಲ್ಲ. ಶಿಫ್ಟ್ ಶುರುವಾದ ಮೊದಲ ಗಂಟೆಯಲ್ಲೇ ಮುಗಿಸಿ.

ಫೋನಾ, ಕಂಪ್ಯೂಟರಾ?

“ಎಲ್ಲರ ಹತ್ತಿರ ಫೋನ್ ಇದೆಯಲ್ಲ” ಅಂತ ಎಲ್ಲರೂ ಮೊದಲು ಹೇಳುತ್ತಾರೆ. ಇದೆ, ಆದರೆ ಎಷ್ಟೋ ಕಾರ್ಖಾನೆಗಳಲ್ಲಿ ಫೋನನ್ನು ಗೇಟಿನಲ್ಲೇ ಸೆಕ್ಯುರಿಟಿ ಹತ್ತಿರ ಇಟ್ಟು ಒಳಗೆ ಹೋಗಬೇಕು. ಹಾಗಿದ್ದ ಮೇಲೆ ಮೊಬೈಲ್ ಆ್ಯಪ್ ತಂದು ಏನು ಮಾಡುವುದು? ಲೈನಿನ ಪಕ್ಕದಲ್ಲಿ ಎರಡು ಟ್ಯಾಬ್ಲೆಟ್, ಎರಡು ಹೆಡ್‌ಫೋನ್, ಕೂರಲು ಎರಡು ಸ್ಟೂಲ್ ಇಡಿ. ನೂರು ಜನರ ಲೈನಿಗೆ ಇಷ್ಟು ಸಾಕಾಗುತ್ತೆ. ಹೆಡ್‌ಫೋನ್ ಇಲ್ಲದಿದ್ದರೆ ಮಶೀನ್ ಸದ್ದಿನಲ್ಲಿ ಏನೂ ಕೇಳಿಸಲ್ಲ. ವಿಡಿಯೋ ಕೆಳಗೆ ಕನ್ನಡದಲ್ಲಿ ಬರಹ ಇರಲಿ.

ಲಾಗಿನ್‌ಗೆ ಇಮೇಲ್ ಕೇಳಬೇಡಿ, ಬಹಳ ಜನ ಅದನ್ನು ತೆರೆದೇ ನೋಡಿರಲ್ಲ. ನೌಕರರ ನಂಬರ್ ಮತ್ತು ನಾಲ್ಕಂಕಿಯ ಪಿನ್ ಸಾಕು. ಗುರುತಿನ ಚೀಟಿಯ ಹಿಂದೆ ಕ್ಯೂಆರ್ ಅಂಟಿಸಿದರೆ ಇನ್ನೂ ಸುಲಭ.

ನೆಟ್‌ವರ್ಕಿನ ಲೆಕ್ಕವನ್ನೂ ಮಾಡಿ. ಸಾಧಾರಣ ಗುಣಮಟ್ಟದ ಮೂರು ನಿಮಿಷದ ವಿಡಿಯೋ ಸುಮಾರು 15ರಿಂದ 20 ಎಂಬಿ ಆಗುತ್ತೆ. ನಲವತ್ತು ಟ್ಯಾಬ್ಲೆಟ್ ಒಂದೇ ಸಲ ಓಡಿದರೆ ಒಂದೊಂದಕ್ಕೆ 1 ಎಂಬಿಪಿಎಸ್ ಅಂದರೂ 40 ಎಂಬಿಪಿಎಸ್ ಬೇಕು. ಕಾರ್ಖಾನೆಯ ಕಬ್ಬಿಣದ ಶೆಡ್ಡಿನೊಳಗೆ ವೈಫೈ ಎಲ್ಲ ಮೂಲೆಗೂ ತಲುಪಲ್ಲ. ಹಾಗಾಗಿ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಂಡು ನೆಟ್ ಇಲ್ಲದೆಯೂ ನೋಡುವ ಸೌಲಭ್ಯ ಇರುವ ಸಾಫ್ಟ್‌ವೇರ್ ಆರಿಸಿ.

ಸಾಫ್ಟ್‌ವೇರಿಗೆ ಲಕ್ಷಗಟ್ಟಲೆ ಸುರಿಯಲೇಬೇಕು ಅಂತ ಇಲ್ಲ. ಮೂಡಲ್ ಅಂತ ಒಂದಿದೆ. 2002ರಿಂದ ಇದೆ, ಉಚಿತ, ಯಾರು ಬೇಕಾದರೂ ತಮ್ಮ ಸರ್ವರಿನಲ್ಲಿ ಹಾಕಿಕೊಳ್ಳಬಹುದು. ಅದರ ಮೊಬೈಲ್ ಆ್ಯಪ್‌ನಲ್ಲಿ ಪಾಠ ಇಳಿಸಿಕೊಂಡು ಆಮೇಲೆ ನೋಡಬಹುದು. ನೋಡಿಕೊಳ್ಳಲು ಐಟಿ ವಿಭಾಗದ ಒಬ್ಬರಾದರೂ ಬೇಕು, ಅದು ನೆನಪಿರಲಿ. ಹಣ ಕೊಟ್ಟು ತರುವುದಾದರೆ ಮಾರುವವರನ್ನು ಹೀಗೆ ಕೇಳಿ: ಕನ್ನಡ ಸರಿಯಾಗಿ ಕಾಣುತ್ತಾ, ನಮ್ಮ ಪರದೆಯ ಮೇಲೆ ಈಗಲೇ ತೋರಿಸಿ. ನಾವು ಮಾಡಿದ ಪಾಠ ಸ್ಕಾರ್ಮ್ ಮಾದರಿಯಲ್ಲಿದ್ದರೆ (ಬೇರೆ ಬೇರೆ ತರಬೇತಿ ಸಾಫ್ಟ್‌ವೇರಿಗೆ ಹೊಂದುವ ಸಾಮಾನ್ಯ ಮಾದರಿ) ತಗೊಳ್ಳುತ್ತಾ? ನಾಳೆ ನಿಮ್ಮನ್ನು ಬಿಟ್ಟರೆ ನಮ್ಮ ಪಾಠ, ನಮ್ಮ ಜನರ ದಾಖಲೆ ವಾಪಸ್ ಕೊಡುತ್ತೀರಾ? ಕೆಲಸ ಬಿಟ್ಟವರ ಜಾಗಕ್ಕೆ ಹೊಸಬರು ಬಂದರೆ ಮತ್ತೆ ದುಡ್ಡಾ? ಜನ ಬಂದು ಹೋಗುವುದು ಜಾಸ್ತಿ ಇರುವ ಕಡೆ ಈ ಕೊನೆಯ ಪ್ರಶ್ನೆ ಬಹಳ ದುಬಾರಿಯಾಗಬಹುದು.

ನಾಲ್ಕನೇ ಹೆಜ್ಜೆ: ಪಾಠ ನಿಮ್ಮವರ ಕೈಯಿಂದಲೇ ಬರಲಿ

ಸ್ಕ್ರೂ ಪಾಠದ ಕಥೆ ಹೇಳುತ್ತೇನೆ. ಮೊದಲು ನಾವು ಎಸ್‌ಒಪಿ, ಅಂದರೆ ಕೆಲಸ ಮಾಡುವ ಕ್ರಮ ಬರೆದಿಟ್ಟ ಕಾಗದ ಇಟ್ಟುಕೊಂಡು, ಒಳ್ಳೆಯ ದನಿಯವರಿಂದ ಓದಿಸಿ ಒಂದು ವಿಡಿಯೋ ಮಾಡಿದೆವು. ಲೈನಿನಲ್ಲಿ ಒಬ್ಬ ಹುಡುಗ ನೋಡಿ, “ಸಾರ್, ಟಿವಿ ವಾರ್ತೆ ಓದ್ದಂಗೈತೆ” ಅಂದ. ಸರಿಯಾದ ಮಾತು. ‘ತಿರುಪುಮೊಳೆಯನ್ನು ಲಂಬಕೋನದಲ್ಲಿ ಅಳವಡಿಸತಕ್ಕದ್ದು’ ಅಂತಿತ್ತು ಅದರಲ್ಲಿ. ಲೈನಿನಲ್ಲಿ ಯಾರೂ ತಿರುಪುಮೊಳೆ ಅನ್ನಲ್ಲ, ಸ್ಕ್ರೂ ಅನ್ನುತ್ತಾರೆ.

ಆಮೇಲೆ ಬಂಗಾರಪೇಟೆ ಕಡೆಯ ಒಬ್ಬ ಹೆಣ್ಣುಮಗಳ ಹತ್ತಿರ ಹೋದೆವು. ಐದು ವರ್ಷದಿಂದ ಅದೇ ಸ್ಟೇಷನ್ನಿನಲ್ಲಿ ಇದ್ದರು, ಅವರ ಕೈಯಲ್ಲಿ ಒಂದು ಪೀಸೂ ವಾಪಸ್ ಬರುತ್ತಿರಲಿಲ್ಲ. “ಅಕ್ಕ, ನೀವು ಮಾಡೋದನ್ನ ಮಾಡ್ತಾ ಹೋಗಿ, ನಾವು ಕೈ ಮಾತ್ರ ವಿಡಿಯೋ ತಗೋತೀವಿ” ಅಂದೆವು. ಅವರು ಮೊದಲು ನಾಚಿಕೊಂಡರು. ಆಮೇಲೆ ಕೆಲಸ ಶುರು ಮಾಡಿದ ಮೇಲೆ ಕ್ಯಾಮೆರಾ ಮರೆತೇಹೋದರು. ಸ್ಕ್ರೂ ಎತ್ತಿಕೊಂಡು ರಂಧ್ರದ ಮೇಲಿಟ್ಟು, ಬಂದೂಕಿನಂಥ ಆ ಸ್ಕ್ರೂಡ್ರೈವರನ್ನು ಒತ್ತುವ ಮೊದಲು, ಬೆರಳ ತುದಿಯಲ್ಲಿ ಸ್ವಲ್ಪ ಹಿಂದಕ್ಕೆ ತಿರುಗಿಸಿದರು. ಎಡಕ್ಕೆ. ಆಮೇಲೆ ಬಲಕ್ಕೆ ಎರಡು ಸುತ್ತು. ಆಮೇಲೆ ಡ್ರೈವರ್.

“ಹಿಂದಕ್ಕೆ ಯಾಕೆ ತಿರುಗಿಸ್ತೀರಿ ಅಕ್ಕ?”

“ಹಂಗೆ ತಿರುಗಿಸಿದ್ರೆ ಟಿಕ್ ಅಂತ ಕೂತ್ಕೊಳ್ತದೆ ಸಾರ್. ಅದು ಬೆರಳಿಗೆ ಗೊತ್ತಾಗ್ತದೆ. ವಾರೆ ಇದ್ರೆ ಮರಳು ಸಿಕ್ಕಿದಂಗೆ ಆಗ್ತದೆ. ಆಗ ತೆಗೆದು ಮತ್ತೆ ಇಡ್ಬೇಕು.”

ಆ ‘ಟಿಕ್’ ನಮ್ಮ ಎಸ್‌ಒಪಿಯಲ್ಲಿ ಎಲ್ಲೂ ಇರಲಿಲ್ಲ. ಐದು ವರ್ಷದಿಂದ ಅದು ಒಬ್ಬರ ಬೆರಳಲ್ಲಿ ಮಾತ್ರ ಇತ್ತು. ಎರಡೂವರೆ ನಿಮಿಷದ ಆ ವಿಡಿಯೋದಲ್ಲಿ ಅವರ ಕೈ, ಅವರದೇ ದನಿ, ಕೊನೆಗೆ ಅವರ ಹೆಸರು ಹಾಕಿದೆವು. ಹೊಸಬರು ಅದನ್ನು ನೋಡಿ ಅವರ ಸ್ಟೇಷನ್ ಹತ್ತಿರ ಹೋಗಿ, “ಅಕ್ಕ, ಒಂದ್ಸಲ ತೋರಿಸ್ತೀರಾ?” ಅಂತ ಕೇಳತೊಡಗಿದರು.

ಹಾಗಾಗಿ ಪಾಠ ಮಾಡುವಾಗ ದೊಡ್ಡ ಕ್ಯಾಮೆರಾ, ಸ್ಟುಡಿಯೋ ಹುಡುಕಬೇಡಿ. ಒಂದು ಒಳ್ಳೆಯ ಫೋನ್, ಅದನ್ನು ಅಲುಗಾಡದಂತೆ ಹಿಡಿಯುವ ಸ್ಟ್ಯಾಂಡ್, ಅಂಗಿಗೆ ಸಿಕ್ಕಿಸುವ ಮೈಕ್. ಕ್ಯಾಮೆರಾ ಕೆಲಸ ಮಾಡುವವರ ಭುಜದ ಮೇಲಿಂದ ನೋಡಲಿ, ಎದುರಿನಿಂದ ಬೇಡ. ಎದುರಿನಿಂದ ತೆಗೆದರೆ ನೋಡುವವರಿಗೆ ಎಡ ಬಲ ತಿರುಗುಮುರುಗಾಗುತ್ತೆ. ಒಂದು ವಿಡಿಯೋದಲ್ಲಿ ಒಂದೇ ಕೆಲಸ, ಮೂರು ನಿಮಿಷ ದಾಟಬೇಡಿ. ಸರಿಯಾದದ್ದರ ಜೊತೆ ತಪ್ಪಾದದ್ದನ್ನೂ ತೋರಿಸಿ. ಕೆಟ್ಟ ಥ್ರೆಡ್ ಹೇಗೆ ಕಾಣುತ್ತೆ ಅಂತ ಗೊತ್ತಿಲ್ಲದವರು ಅದನ್ನು ಹಿಡಿಯುವುದು ಹೇಗೆ? ವಿಡಿಯೋ ತೆಗೆಯುವ ಮೊದಲು ಅವರ ಒಪ್ಪಿಗೆ ಕೇಳಿ, ಬರೆಸಿಕೊಳ್ಳಿ. ಬೇಡ ಅಂದರೆ ಮುಖ ಬಿಟ್ಟು ಕೈ ಮಾತ್ರ ತೆಗೆಯಿರಿ.

ಪ್ರಶ್ನೆಗಳೂ ಲೈನಿನಿಂದಲೇ ಬರಲಿ. ‘ಸ್ಕ್ರೂ ಸರಿಯಾಗಿ ಹಾಕುವುದು ಮುಖ್ಯವೇ? ಹೌದು / ಇಲ್ಲ’ ಅನ್ನುವ ಪ್ರಶ್ನೆ ಕೇಳಿ ಏನೂ ಪ್ರಯೋಜನವಿಲ್ಲ. ‘ಡ್ರೈವರ್ ಒತ್ತಿದಾಗ ಮರಳು ಸಿಕ್ಕಿದ ಹಾಗೆ ಆಯಿತು. ಈಗ ಏನು ಮಾಡ್ತೀರಿ? ಇನ್ನೂ ಜೋರಾಗಿ ಒತ್ತೋದು, ನಿಲ್ಲಿಸಿ ತೆಗೆಯೋದು, ಮುಂದಿನವರಿಗೆ ಕಳಿಸೋದು’ ಅಂತ ಕೇಳಿ. ತಪ್ಪು ಉತ್ತರ ಕೊಟ್ಟರೆ ಯಾಕೆ ತಪ್ಪು ಅಂತ ಅಲ್ಲೇ ಎರಡು ಮಾತಿನಲ್ಲಿ ಹೇಳಲಿ, ಮತ್ತೆ ಪ್ರಯತ್ನಿಸಲು ಬಿಡಲಿ.

ಐದನೇ ಹೆಜ್ಜೆ: ಒಂದು ಲೈನಿನಲ್ಲಿ ಮಾಡಿ ನೋಡಿ

ಎಲ್ಲ ಕಡೆ ಒಂದೇ ದಿನ ಶುರು ಮಾಡಬೇಡಿ. ಒಂದು ಲೈನ್, ಮೂರೂ ಶಿಫ್ಟ್, ಎರಡು ವಾರ. ಆ ಎರಡು ವಾರ ನೀವು ಟ್ಯಾಬ್ಲೆಟ್ ಪಕ್ಕದಲ್ಲಿ ನಿಂತುಕೊಳ್ಳಿ. ಯಾರು ಎಲ್ಲಿ ತಡವರಿಸುತ್ತಾರೆ, ಯಾವ ಮಾತಿಗೆ ಪಕ್ಕದವರನ್ನು ನೋಡುತ್ತಾರೆ, ಎಲ್ಲವನ್ನೂ ಬರೆದುಕೊಳ್ಳಿ. ಮೊದಲ ವಾರದಲ್ಲೇ ನಮಗೆ ಗೊತ್ತಾದದ್ದು: ಇಎಸ್‌ಡಿ ಕೈಗವಸು (ಸ್ಥಿರ ವಿದ್ಯುತ್ತಿನಿಂದ ಮಾಲು ಕೆಡದಂತೆ ಹಾಕುವುದು) ಹಾಕಿದವರ ಬೆರಳಿಗೆ ಟ್ಯಾಬ್ಲೆಟ್ ಸ್ಪಂದಿಸುತ್ತಿರಲಿಲ್ಲ. ಪ್ರತಿ ಸಲ ಗವಸು ತೆಗೆಯಬೇಕಿತ್ತು. ಟಚ್ ಪೆನ್ ಕಟ್ಟಿ ಇಟ್ಟೆವು. ಆಫೀಸಿನಲ್ಲಿ ಕೂತವರಿಗೆ ಇದು ಹೊಳೆಯುವ ವಿಷಯವೇ ಅಲ್ಲ.

ಲೈನ್ ಲೀಡರನ್ನು ಮೊದಲ ದಿನದಿಂದ ಜೊತೆಗಿಟ್ಟುಕೊಳ್ಳಿ. ಸೂಪರ್‌ವೈಸರ್ ತಾನೇ ಮೊದಲು ಪಾಠ ನೋಡಿ, ಪ್ರಶ್ನೆಗೆ ಉತ್ತರಿಸಿರಬೇಕು. ಕಾರ್ಮಿಕ ಸಂಘ ಇದ್ದರೆ ಅವರನ್ನೂ ಶುರುವಿನಲ್ಲೇ ಕರೆದು ಕೂರಿಸಿ ತೋರಿಸಿ. “ಇದರ ಅಂಕ ನೋಡಿ ಕೆಲಸದಿಂದ ತೆಗೀತೀರಾ?” ಅಂತ ಖಂಡಿತ ಕೇಳುತ್ತಾರೆ. ಇಲ್ಲ ಅಂತ ಬಾಯಲ್ಲಿ ಹೇಳಿದರೆ ಸಾಲದು. ನೋಟಿಸ್ ಬೋರ್ಡಿನಲ್ಲಿ ಬರೆದು ಹಾಕಿ: ಈ ಅಂಕಗಳನ್ನು ಸಂಬಳ, ಬಡ್ತಿ, ಶಿಸ್ತುಕ್ರಮಕ್ಕೆ ಬಳಸಲ್ಲ. ಯಾರ ಯಾವ ಮಾಹಿತಿ ಇಟ್ಟುಕೊಳ್ಳುತ್ತೀರಿ, ಎಷ್ಟು ದಿನ, ಯಾರು ನೋಡಬಹುದು ಅನ್ನುವುದನ್ನೂ ಬರೆಯಿರಿ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂದ ಮೇಲಂತೂ ಇದನ್ನು ಹಗುರವಾಗಿ ತಗೊಳ್ಳುವಂತಿಲ್ಲ.

ಟ್ಯಾಬ್ಲೆಟ್ ಮುಟ್ಟಲು ಹಿಂಜರಿಯುವ ಹಿರಿಯರು ಇರುತ್ತಾರೆ. ಅವರ ಜೊತೆ ಮೊದಲೆರಡು ಸಲ ಒಬ್ಬ ಹುಡುಗನನ್ನು ಕೂರಿಸಿ. ಉತ್ತರ ಹೇಳಿಕೊಡಲು ಅಲ್ಲ, ಎಲ್ಲಿ ಒತ್ತಬೇಕು ಅಂತ ತೋರಿಸಲು. ಮೂರನೇ ಸಲಕ್ಕೆ ಅವರೇ ಒತ್ತುತ್ತಾರೆ.

ಆರನೇ ಹೆಜ್ಜೆ: ರಿಪೋರ್ಟನ್ನು ನಂಬುವ ಮೊದಲು ಲೈನಿಗೆ ಹೋಗಿ

ತರಬೇತಿಯ ಫಲವನ್ನು ನಾಲ್ಕು ಮೆಟ್ಟಿಲಲ್ಲಿ ನೋಡಬೇಕು ಅಂತ ಅಮೆರಿಕದ ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ 1959ರಲ್ಲಿ ಬರೆದಿದ್ದರು. ಜನರಿಗೆ ಇಷ್ಟವಾಯಿತಾ, ಕಲಿತರಾ, ಕೆಲಸದಲ್ಲಿ ಬಳಸುತ್ತಿದ್ದಾರಾ, ಅದರಿಂದ ಫಲ ಬಂತಾ. ಸಾಫ್ಟ್‌ವೇರಿನ ರಿಪೋರ್ಟ್ ಮೊದಲೆರಡನ್ನು ಮಾತ್ರ ಹೇಳುತ್ತೆ. ಮೂರನೆಯದನ್ನು ಲೈನಿಗೆ ಹೋಗಿ ಕಣ್ಣಲ್ಲೇ ನೋಡಬೇಕು.

ನಾವು ಮಾಡುತ್ತಿದ್ದುದು ಹೀಗೆ. ಪಾಠ ಆದ ವಾರದ ನಂತರ ಪ್ರತಿ ಶಿಫ್ಟಿನಲ್ಲಿ ಹತ್ತು ಜನರನ್ನು ಆರಿಸಿ, ಲೈನ್ ಲೀಡರ್ ಐದು ನಿಮಿಷ ಅವರ ಪಕ್ಕ ನಿಲ್ಲುತ್ತಿದ್ದರು. ಹಿಂದಕ್ಕೆ ತಿರುಗಿಸಿದರಾ? ಎರಡು ಸುತ್ತು ಕೈಯಲ್ಲಿ ಹಾಕಿದರಾ? ಹೌದು, ಇಲ್ಲ ಅಷ್ಟೇ. ಇಲ್ಲ ಅನ್ನುವ ಉತ್ತರ ಜಾಸ್ತಿ ಬಂದರೆ ಜನರನ್ನು ಬೈಯಬಾರದು, ಪಾಠ ತಿದ್ದಬೇಕು. ಒಂದು ಸಲ ಹೀಗೆ ನೋಡುವಾಗ ಬಿ ಶಿಫ್ಟಿನವರು ಯಾರೂ ಎರಡು ಸುತ್ತು ಕೈಯಲ್ಲಿ ತಿರುಗಿಸುತ್ತಿರಲಿಲ್ಲ. ಕೇಳಿದರೆ, ಆ ಶಿಫ್ಟಿನಲ್ಲಿ ಗಂಟೆಗೆ ಇಷ್ಟು ಪೀಸು ಅನ್ನುವ ಗುರಿ ಜಾಸ್ತಿ ಇಟ್ಟಿದ್ದರು, ಕೈಯಲ್ಲಿ ತಿರುಗಿಸಲು ಪುರುಸೊತ್ತೇ ಇರಲಿಲ್ಲ. ತರಬೇತಿಯಿಂದ ಸರಿಹೋಗದ ತೊಂದರೆ ಅದು. ಗುರಿ ಇಳಿಸಿದ ಮೇಲೆ ಸರಿಹೋಯಿತು.

ಕಾರ್ಖಾನೆ ಅಲ್ಲದ ಕಡೆ

ದೊಡ್ಡ ಆಸ್ಪತ್ರೆ, ಹಾಲು ಒಕ್ಕೂಟ, ಕಾಲೇಜು, ತುಮಕೂರಿನ ವಸಂತನರಸಾಪುರದ ಗೋದಾಮುಗಳು, ಎಲ್ಲ ಕಡೆಯೂ ದಾರಿ ಇದೇ. ಹೊತ್ತು ಎಲ್ಲಿ ಸಿಗುತ್ತೆ ಅನ್ನುವುದು ಮಾತ್ರ ಬೇರೆ. ನರ್ಸುಗಳಿಗೆ ಡ್ಯೂಟಿ ಬದಲಾಗುವ ಹೊತ್ತಿನಲ್ಲಿ ಪಾಠ ಇಡಬೇಡಿ. ಆಗ ರೋಗಿಗಳ ವಿಷಯ ಒಬ್ಬರಿಂದ ಒಬ್ಬರಿಗೆ ಹೇಳುವ ಗಡಿಬಿಡಿ ಇರುತ್ತೆ. ಸರ್ಕಾರಿ ನೌಕರರಿಗೆ 2020ರಲ್ಲಿ ಒಪ್ಪಿಗೆ ಪಡೆದ ಕರ್ಮಯೋಗಿ ಯೋಜನೆಯ ಐಗಾಟ್ ಅನ್ನುವ ಆನ್‌ಲೈನ್ ಕಲಿಕೆಯ ತಾಣ ಇದೆ, ಶಿಕ್ಷಕರಿಗೆ 2017ರಿಂದ ದೀಕ್ಷಾ ಇದೆ. ಹೊಸದಾಗಿ ಎಲ್ಲವನ್ನೂ ಮಾಡುವ ಮೊದಲು ಅಲ್ಲಿ ಏನಿದೆ ನೋಡಿ, ಬೇಕಾದದ್ದು ಇದ್ದರೆ ಬಳಸಿಕೊಳ್ಳಿ.

ಪಾಠ ಹಳಸದಂತೆ ನೋಡಿಕೊಳ್ಳಿ

ಪ್ರತಿ ವಿಡಿಯೋದ ಕೊನೆಗೆ ಅದನ್ನು ತೆಗೆದ ತಿಂಗಳು, ವರ್ಷ ಹಾಕಿ. ಮಶೀನ್ ಬದಲಾದ ದಿನವೇ ಆ ಪಾಠವನ್ನು ಸಾಫ್ಟ್‌ವೇರಿನಿಂದ ಇಳಿಸಿ. ತಪ್ಪು ಕಲಿಸುವ ಹಳೆಯ ಪಾಠಕ್ಕಿಂತ ಪಾಠ ಇಲ್ಲದಿರುವುದೇ ವಾಸಿ. ಮಶೀನ್ ತರಿಸುವ ಕಾಗದಕ್ಕೆ ಸಹಿ ಹಾಕುವ ಪಟ್ಟಿಯಲ್ಲಿ ತರಬೇತಿ ವಿಭಾಗದ ಹೆಸರನ್ನೂ ಸೇರಿಸಿಸಿ. ಆಗ ಹೊಸ ಮಶೀನ್ ಬಂದ ಮೇಲೆ ಓಡಾಡುವ ಬದಲು ಅದು ಬರುವ ಮೊದಲೇ ಗೊತ್ತಿರುತ್ತೆ.

ನಮ್ಮಲ್ಲಿ ಎರಡು ವರ್ಷದ ಮೇಲೆ ಆ ಸ್ಟೇಷನ್ನಿನ ಡ್ರೈವರ್ ಬದಲಾಯಿತು. ಹೊಸದು ಹಗುರ, ವೇಗ ಜಾಸ್ತಿ. ಹಳೆಯ ವಿಡಿಯೋ ಇಳಿಸಿ, ಸ್ಟ್ಯಾಂಡ್, ಮೈಕ್ ತಗೊಂಡು ಮತ್ತೆ ಅದೇ ಅಕ್ಕನ ಹತ್ತಿರ ಹೋದೆವು. ಅವರು ಹೊಸ ಡ್ರೈವರನ್ನು ಕೈಯಲ್ಲಿ ಹಿಡಿದು, ಎರಡು ಸಲ ಒತ್ತಿ ನೋಡಿ, “ಇದಕ್ಕೆ ಇನ್ನೊಂದು ದಿನ ಟೈಮ್ ಕೊಡಿ ಸಾರ್, ನಾನು ಮೊದ್ಲು ಕಲೀತೀನಿ” ಅಂದರು. ಕೊಟ್ಟೆವು.